ಮಗುವಿಗೆ ಜ್ವರವೇ? ಮನೆಯಲ್ಲಿ ಟಾಮಿ ಇದೆ ಅಂತ ಡಾಕ್ಟರಿಗೆ ಹೇಳಿ

ಮಗುವನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದಾಗ ನೀವು ಏನೇನು ಹೇಳುತ್ತೀರಿ? ಜ್ವರ ಯಾವಾಗ ಬಂತು, ಎಷ್ಟು ಸಲ ವಾಂತಿ ಆಯ್ತು, ರಾತ್ರಿ ಕೆಮ್ಮಿತಾ, ಹಾಲು ಕುಡೀತಾ... ಯಾರದೋ ಬರ್ತ್‌ಡೇಲಿ ಐಸ್‌ಕ್ರೀಮ್ ತಿಂದದ್ದನ್ನೂ ಬಿಡದೆ ಹೇಳುತ್ತೀರಿ. ಆದರೆ ಮನೆಗೆ ಎರಡು ತಿಂಗಳ ನಾಯಿಮರಿ ಬಂದಿದೆ, ಮಗು ಅದನ್ನು ತಬ್ಬಿಕೊಂಡೇ ಮಲಗುತ್ತೆ, ಹೋದ ವಾರ ಪಕ್ಕದ ಮನೆಯ ಬೆಕ್ಕಿನ ಮರಿ ಕೈ ಪರಚಿತ್ತು ಅನ್ನುವುದನ್ನು ಹೇಳುತ್ತೀರಾ? ನಮ್ಮಲ್ಲಿ ಹೆಚ್ಚಿನವರು ಹೇಳುವುದಿಲ್ಲ. ಅದಕ್ಕೂ ಜ್ವರಕ್ಕೂ ಏನು ಸಂಬಂಧ ಅಂತ ಅನ್ನಿಸುತ್ತೆ. ಹೊರಗಡೆ ಇಪ್ಪತ್ತು ಜನ ಕಾಯುತ್ತಿರುವಾಗ ಡಾಕ್ಟರೂ ಕೇಳುವುದನ್ನು ಮರೆಯಬಹುದು.

ಸಂಬಂಧ ಇದೆ. ಪ್ರಾಣಿಗಳಿಂದ ಮಕ್ಕಳಿಗೆ ಬರುವ ಸೋಂಕುಗಳ ಚಿಕಿತ್ಸೆ ಬಹುಪಾಲು ಸುಲಭ. ಕಷ್ಟ ಇರುವುದು ಅದೇ ಕಾಯಿಲೆ ಅಂತ ಗೊತ್ತುಮಾಡಿಕೊಳ್ಳುವುದರಲ್ಲಿ. ಯಾಕೆಂದರೆ ಅವು ಬೇರೆ ಕಾಯಿಲೆಗಳ ವೇಷ ಹಾಕಿಕೊಂಡು ಬರುತ್ತವೆ. ಒಂದು ಟಿ.ಬಿ. ಗಂಟಿನ ಹಾಗೆ ಕಾಣುತ್ತೆ, ಇನ್ನೊಂದು ಡೆಂಗಿ ಹಾಗೆ, ಮತ್ತೊಂದು ಅಸ್ತಮಾ ಹಾಗೆ. ಮನೆಯಲ್ಲಿ ಪ್ರಾಣಿ ಇದೆ ಅನ್ನುವ ಒಂದು ಮಾತು ಡಾಕ್ಟರ ಯೋಚನೆಯ ದಾರಿಯನ್ನೇ ಬದಲಿಸಬಲ್ಲದು.

ಹಾಗಂತ ಇದನ್ನು ಓದಿ ಇವತ್ತೇ ಟಾಮಿಯನ್ನು ಗೋಣಿಚೀಲದಲ್ಲಿ ಹಾಕಿ ದೂರದ ಬಡಾವಣೆಯಲ್ಲಿ ಬಿಟ್ಟು ಬರಬೇಡಿ. ಹಾಗೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಮಕ್ಕಳಿಗೆ ಬರುವ ನೂರು ಕಾಯಿಲೆಗಳಲ್ಲಿ ಬಹಳಷ್ಟು ಬರುವುದು ಇತರ ಮಕ್ಕಳಿಂದ, ನಮ್ಮಿಂದ, ನೀರಿನಿಂದ. ಪಾಪದ ನಾಯಿ, ಬೆಕ್ಕು ತಾವು ಮಾಡದ ತಪ್ಪಿಗೂ ಬೈಸಿಕೊಳ್ಳುತ್ತವೆ.

ಉಂಗುರದಂಥ ಕಲೆ

ಮೊದಲು ಎಲ್ಲರೂ ನೋಡಿರುವ ಹುಳುಕಡ್ಡಿಯನ್ನೇ ತೆಗೆದುಕೊಳ್ಳೋಣ. ಹೆಸರಲ್ಲಿ ಹುಳು ಇದೆ, ಆದರೆ ಇದು ಹುಳುವಲ್ಲ, ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಬೆಕ್ಕಿನ ಮರಿಗಳ ಮೈಯಲ್ಲಿ ಇದರ ಒಂದು ಬಗೆ ಹೆಚ್ಚು. ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳಲ್ಲಂತೂ ಹೊರಗೆ ಏನೂ ಕಾಣದೆ ಕೂದಲಿನಲ್ಲಿ ಅಡಗಿ ಕೂತಿರುತ್ತದೆ. ಮಗುವಿನ ಕೆನ್ನೆ, ಕತ್ತು, ತೋಳು, ಅಂದರೆ ಮರಿಯನ್ನು ಎತ್ತಿಕೊಂಡಾಗ ತಾಗುವ ಜಾಗಗಳಲ್ಲಿ ಉಂಗುರದಂಥ ಕೆಂಪು ಕಲೆ. ಅಂಚು ಉಬ್ಬಿರುತ್ತೆ, ನಡುವೆ ತಿಳಿಯಾಗಿರುತ್ತೆ, ತುರಿಕೆ ಇರುತ್ತೆ. ತಲೆಗೆ ಹತ್ತಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಮುರಿದು, ಹೊಟ್ಟು ಏಳುತ್ತದೆ. ತಾಯಂದಿರು ಇದನ್ನು ತಲೆಹೊಟ್ಟು ಅಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರುತ್ತಾರೆ.

ಚರ್ಮದ ಡಾಕ್ಟರು ಕಲೆಯ ಅಂಚನ್ನು ಸ್ವಲ್ಪ ಕೆರೆದು, ಆ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಾಗುವುದಿಲ್ಲ, ಖರ್ಚೂ ಕಡಿಮೆ. ಕೆಲವು ಕಡೆ ಕತ್ತಲೆ ಕೋಣೆಯಲ್ಲಿ ‘ವುಡ್ಸ್ ಲ್ಯಾಂಪ್’ ಅನ್ನುವ ನೇರಳೆ ಬೆಳಕು ಬಿಟ್ಟು ನೋಡುತ್ತಾರೆ. ಬೆಕ್ಕಿನಿಂದ ಬಂದ ಶಿಲೀಂಧ್ರವಾದರೆ ಎಷ್ಟೋ ಸಲ ಆ ಕೂದಲು ಹಸಿರಾಗಿ ಹೊಳೆಯುತ್ತೆ. ಮನುಷ್ಯರಿಂದ ಮನುಷ್ಯರಿಗೆ ಹರಡುವ ಬಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಈಗ ಹುಳುಕಡ್ಡಿ ಹೆಚ್ಚಾಗಿ ಹರಡುತ್ತಿರುವುದು ಮನೆಮಂದಿಯಿಂದಲೇ. ಒಂದೇ ಟವೆಲ್, ಒಂದೇ ಬಕೆಟ್ಟಿನಲ್ಲಿ ನೆನೆಸಿದ ಬಟ್ಟೆ, ಯಜಮಾನರು ನಾಚಿಕೆಯಿಂದ ಯಾರಿಗೂ ಹೇಳದೆ ಇಟ್ಟುಕೊಂಡ ತೊಡೆಸಂದಿಯ ತುರಿಕೆ! ಬೆಕ್ಕನ್ನು ಬೈಯುವ ಮೊದಲು ಮನೆಯವರ ಮೈಯನ್ನೂ ಒಮ್ಮೆ ವಿಚಾರಿಸಿಕೊಳ್ಳಿ. ಮೆಡಿಕಲ್ ಶಾಪಿನವರು ಕೊಡುವ ಟ್ಯೂಬನ್ನಂತೂ ಹಚ್ಚಲೇಬೇಡಿ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತೆ. ಎರಡು ದಿನ ತುರಿಕೆ ಮಾಯ, ಮೂರನೇ ವಾರಕ್ಕೆ ಕಲೆ ಮೂರುಪಟ್ಟು. ಆಮೇಲೆ ಉಂಗುರದ ಆಕಾರವೇ ಅಳಿಸಿಹೋಗಿ, ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತಲೆಯಲ್ಲಿ ಆದದ್ದಕ್ಕೆ ಮುಲಾಮು ಸಾಲದು, ಆರೆಂಟು ವಾರ ಬಾಯಿಗೆ ಔಷಧಿ ಬೇಕಾಗುತ್ತೆ.

ಕಂಕುಳಲ್ಲಿ ಗಂಟು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಮಗನಿಗೆ, ಏಳು ವರ್ಷ, ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು ಬಂತು. ಮುಟ್ಟಿದರೆ ನೋವು, ಸಂಜೆ ಸಣ್ಣಗೆ ಜ್ವರ. ಎರಡು ಬಗೆಯ ಆ್ಯಂಟಿಬಯಾಟಿಕ್ ಮುಗಿಯಿತು. ಟಿ.ಬಿ. ಇರಬಹುದು ಅಂತ ಕೈಗೆ ಇಂಜೆಕ್ಷನ್ ಹಾಕಿ ನೋಡುವ ಮಾಂಟೂ ಪರೀಕ್ಷೆ ಆಯ್ತು, ಎಕ್ಸ್‌ರೇ ಆಯ್ತು. ಆಕೆ ರಾತ್ರಿಯೆಲ್ಲ ಅತ್ತು ಮುಖ ಊದಿಸಿಕೊಂಡು ಲಿಫ್ಟಿನಲ್ಲಿ ಸಿಕ್ಕಾಗ, ‘ಅಕ್ಕಾ, ಕ್ಯಾನ್ಸರ್ ಇರಬಹುದಾ?’ ಅಂತ ಕೇಳಿದಳು. ಏನು ಹೇಳುವುದು? ಕೊನೆಗೆ ಬೇರೊಬ್ಬ ಮಕ್ಕಳ ಡಾಕ್ಟರು ಹುಡುಗನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಮನೇಲಿ ಬೆಕ್ಕಿದೆಯೇನಮ್ಮಾ?’ ಅಂದರಂತೆ. ಬೇಸ್‌ಮೆಂಟಿನಲ್ಲಿ ಮರಿ ಹಾಕಿದ್ದ ಬೆಕ್ಕಿನ ಹತ್ತಿರ ಹುಡುಗ ದಿನಾ ಹೋಗುತ್ತಿದ್ದದ್ದು ಆಗ ಹೊರಗೆ ಬಂತು.

ಇದಕ್ಕೆ ಬೆಕ್ಕು ಪರಚಿದ ಜ್ವರ ಅಂತಲೇ ಹೆಸರು. ಬಾರ್ಟೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಚಿಗಟದ ಮೂಲಕ ಹರಡುತ್ತದೆ. ದೊಡ್ಡ ಬೆಕ್ಕಿಗಿಂತ ಮರಿಗಳಲ್ಲೇ ಹೆಚ್ಚು. ಪರಚಿದ ಜಾಗದಲ್ಲಿ ಮೂರರಿಂದ ಹತ್ತು ದಿನಕ್ಕೆ ಒಂದು ಸಣ್ಣ ಗುಳ್ಳೆ. ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಒಂದರಿಂದ ಮೂರು ವಾರಕ್ಕೆ ಅದೇ ಬದಿಯ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಂಟು. ಅಷ್ಟರಲ್ಲಿ ಪರಚಿದ ಗಾಯ ಮಾಯ್ದು ಮರೆತುಹೋಗಿರುತ್ತೆ, ಅದೇ ತೊಂದರೆ. ರಕ್ತದಲ್ಲಿ ಇದರ ಪ್ರತಿಕಾಯಗಳನ್ನು ನೋಡುವ ಪರೀಕ್ಷೆ ಇದೆ, ಆದರೆ ಎಲ್ಲ ಲ್ಯಾಬುಗಳಲ್ಲೂ ಮಾಡುವುದಿಲ್ಲ. ಅನುಮಾನ ಉಳಿದರೆ ಗಂಟಿಗೆ ಸೂಜಿ ಚುಚ್ಚಿ ತೆಗೆದ ದ್ರವವನ್ನು ಪರೀಕ್ಷಿಸುತ್ತಾರೆ. ಟಿ.ಬಿ. ನಮ್ಮಲ್ಲಿ ಸಾಮಾನ್ಯವಾದ್ದರಿಂದ ಅದನ್ನು ಮೊದಲು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಸರಿಯೇ, ಡಾಕ್ಟರನ್ನು ದೂರಬೇಡಿ. ಆದರೆ ಬೆಕ್ಕಿನ ವಿಷಯ ಮೊದಲ ದಿನವೇ ಗೊತ್ತಿದ್ದರೆ ಆಕೆಯ ಅಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು. ಆರೋಗ್ಯವಂತ ಮಕ್ಕಳಲ್ಲಿ ಗಂಟು ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕರಗುವುದುಂಟು. ಈ ಹುಡುಗನಿಗೂ ಕರಗಿತು.

ಬೆಕ್ಕು ಕಚ್ಚಿದ್ದು ಬೇರೆ ಸಂಗತಿ. ಅದರ ಹಲ್ಲು ಸೂಜಿಯ ಹಾಗೆ, ಮೇಲೆ ಚುಕ್ಕಿಯಷ್ಟೇ ಗಾಯ, ಒಳಗೆ ಆಳ. 24 ಗಂಟೆಯೊಳಗೆ ಕೆಂಪಾಗಿ ಊದಿ ನೋವು ಏರಿದರೆ ಅರಿಶಿನ ಹಚ್ಚಿ ಕಾಯಬೇಡಿ, ಅವತ್ತೇ ತೋರಿಸಿ.

ಮರಳಿನ ರಾಶಿ ಮತ್ತು ‘ಇಸ್ನೋಫಿಲಿಯಾ’

ಈಗ ನಾಯಿಮರಿಯ ಹೊಟ್ಟೆಹುಳದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಾವು ನಂಬಿಕೊಂಡಿರುವ ಪರೀಕ್ಷೆ ಇಲ್ಲಿ ಕೈಕೊಡುತ್ತದೆ.

ನಾಯಿಮರಿಗಳು ಬಹುತೇಕ ಹುಟ್ಟುವಾಗಲೇ ಟಾಕ್ಸೊಕಾರಾ ಅನ್ನುವ ದುಂಡುಹುಳವನ್ನು ಹೊತ್ತು ತರುತ್ತವೆ, ತಾಯಿಯ ಗರ್ಭದಿಂದಲೇ. ಬೆಕ್ಕಿನ ಮರಿಗಳಿಗೆ ತಾಯಿಯ ಹಾಲಿನಿಂದ. ಅವುಗಳ ಮಲದಲ್ಲಿ ಬರುವ ಮೊಟ್ಟೆಗಳು ಆ ಕ್ಷಣವೇ ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿಯಬೇಕು. ಅಂದರೆ ಮರಿಯನ್ನು ಮುದ್ದಾಡಿದ್ದಕ್ಕಿಂತ, ಅದು ತಿಂಗಳ ಹಿಂದೆ ಗಲೀಜು ಮಾಡಿದ ಮಣ್ಣಿನಲ್ಲಿ ಆಡಿದ ಕೈಯನ್ನು ಬಾಯಿಗೆ ಹಾಕಿದರೆ ಅಪಾಯ ಹೆಚ್ಚು. ಮನೆ ಕಟ್ಟುವವರು ರಸ್ತೆಯಲ್ಲಿ ಸುರಿದ ಮರಳಿನ ರಾಶಿ ನೆನಪಿಸಿಕೊಳ್ಳಿ. ಬೆಳಿಗ್ಗೆ ಬೀದಿನಾಯಿ, ರಾತ್ರಿ ಬೆಕ್ಕು, ಸಂಜೆ ನಮ್ಮ ಮಕ್ಕಳು! ಮನೆಯಲ್ಲಿ ಸಾಕುಪ್ರಾಣಿಯೇ ಇಲ್ಲದ ಮಗುವಿಗೂ ಇದು ಬರುವುದು ಹೀಗೆ. ಮಣ್ಣು, ಸುಣ್ಣ, ಬಳಪ ತಿನ್ನುವ ಚಟ ಇರುವ ಮಕ್ಕಳಿಗಂತೂ ಹೆಚ್ಚು. ಆ ಮೊಟ್ಟೆಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕುತ್ತವೆ, ಫಿನಾಯಿಲ್ ಸುರಿದರೂ ಜಗ್ಗುವುದಿಲ್ಲ. ಗಲೀಜನ್ನು ಅವತ್ತವತ್ತೇ ತೆಗೆಯುವುದಷ್ಟೇ ದಾರಿ.

ಹೊಟ್ಟೆಗೆ ಹೋದ ಮೊಟ್ಟೆ ಒಡೆದು ಮರಿಹುಳು ಕರುಳನ್ನು ದಾಟಿ ರಕ್ತದ ಮೂಲಕ ಪಿತ್ತಜನಕಾಂಗ, ಶ್ವಾಸಕೋಶಗಳಿಗೆ ಅಲೆಯುತ್ತದೆ. ಅದು ನಾಯಿಯ ಹುಳ, ಮನುಷ್ಯರ ಮೈಯಲ್ಲಿ ಎಂದೂ ದೊಡ್ಡದಾಗುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಹಾಗಾಗಿ ಮಗುವಿನ ಮಲಪರೀಕ್ಷೆ ಮಾಡಿಸಿದರೆ ಎಷ್ಟು ಸಲ ಮಾಡಿಸಿದರೂ ‘ಹುಳ ಇಲ್ಲ’ ಅಂತಲೇ ಬರುತ್ತದೆ. ಆ ರಿಪೋರ್ಟ್ ನೋಡಿ ನಿಶ್ಚಿಂತೆ ಆಗುವ ಹಾಗಿಲ್ಲ.

ಹಾಗಾದರೆ ಗೊತ್ತಾಗುವುದು ಹೇಗೆ? ವಾರಗಟ್ಟಲೆ ಬಿಡದ ಸಣ್ಣ ಜ್ವರ, ಕೆಮ್ಮು, ಉಬ್ಬಸ, ಹೊಟ್ಟೆನೋವು, ಊಟ ಸೇರದಿರುವುದು. ಡಾಕ್ಟರು ಹೊಟ್ಟೆ ಒತ್ತಿ ನೋಡಿದಾಗ ಪಿತ್ತಜನಕಾಂಗ ದೊಡ್ಡದಾಗಿರುತ್ತೆ. ಇವಿಷ್ಟರಿಂದ ಯಾರಿಗಾದರೂ ಅಸ್ತಮಾ ಅಂತಲೇ ಅನ್ನಿಸುವುದು. ಸುಳಿವು ಸಿಗುವುದು ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ, ಈಸಿನೊಫಿಲ್ ಅನ್ನುವ ಸಾಲಿನಲ್ಲಿ. ‘ನಮ್ಮ ಮಗೂಗೆ ಇಸ್ನೋಫಿಲಿಯಾ ಅಂತೆ ಕಣ್ರೀ’ ಅನ್ನುವ ಮಾತು ಬೆಂಗಳೂರಿನಲ್ಲಿ ಮನೆಗೊಂದು ಕೇಳುತ್ತೀರಲ್ಲ, ಅದೇ. ಅಲರ್ಜಿಯಲ್ಲೂ ಆ ಅಂಕಿ ಸ್ವಲ್ಪ ಏರುತ್ತದೆ. ಆದರೆ ಶೇಕಡ 20, 30 ದಾಟಿದರೆ ಅಲರ್ಜಿ ಅಂತ ಸುಮ್ಮನಾಗದೆ, ಹುಳದ ಕಾರಣ ಇದೆಯಾ ಅಂತ ಕೇಳಿ. ಮನೆಯಲ್ಲಿ ಮರಿ ಇದೆ, ಮಗು ಮಣ್ಣು ತಿನ್ನುತ್ತೆ ಅಂತ ಆಗಲೇ ಹೇಳಿ. ‘ಎಲೈಸಾ’ ಅನ್ನುವ ರಕ್ತ ಪರೀಕ್ಷೆಯಲ್ಲಿ ಟಾಕ್ಸೊಕಾರಾದ ಪ್ರತಿಕಾಯ ನೋಡಬಹುದು. ಅದೂ ಹಳೆಯ ಸೋಂಕಿನಿಂದ ಪಾಸಿಟಿವ್ ಬರಬಹುದಾದ್ದರಿಂದ, ರಿಪೋರ್ಟನ್ನು ಲಕ್ಷಣಗಳ ಜೊತೆ ಹೊಂದಿಸಿ ನೋಡುವುದು ಡಾಕ್ಟರ ಕೆಲಸ. ಚಿಕಿತ್ಸೆ ಆಲ್ಬೆಂಡಜೋಲ್, ಶಾಲೆಯಲ್ಲಿ ಕೊಡುವ ಅದೇ ಹುಳದ ಮಾತ್ರೆ. ಆದರೆ ಒಂದು ಮಾತ್ರೆಯಲ್ಲಿ ಮುಗಿಯುವುದಿಲ್ಲ, ಎಷ್ಟು ದಿನ ಅಂತ ಅವರೇ ಹೇಳಬೇಕು.

ನನಗೆ ನಿಜಕ್ಕೂ ಭಯ ಆಗುವುದು ಈ ಹುಳ ಕಣ್ಣಿಗೆ ಹೋದಾಗಿನ ಕಥೆ ಕೇಳಿದರೆ. ಅಪರೂಪ, ಆದರೆ ಆಗುತ್ತದೆ. ಸಾಮಾನ್ಯವಾಗಿ ಒಂದೇ ಕಣ್ಣಿಗೆ. ಜ್ವರ ಇರುವುದಿಲ್ಲ, ರಕ್ತದಲ್ಲಿ ಈಸಿನೊಫಿಲ್ ಕೂಡ ಏರದೆ ಇರಬಹುದು. ಮಗು ದೂರು ಹೇಳುವುದಿಲ್ಲ, ಇನ್ನೊಂದು ಕಣ್ಣು ಚೆನ್ನಾಗಿ ಕಾಣುತ್ತಿರುತ್ತಲ್ಲ! ಹೊಸದಾಗಿ ಮೆಳ್ಳೆಗಣ್ಣು ಬಂತು, ಟಿವಿ ನೋಡುವಾಗ ತಲೆ ಓರೆ ಮಾಡುತ್ತೆ, ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತೆ ಅಂದರೆ ಒಂದು ದಿನವೂ ತಡಮಾಡಬೇಡಿ. ಆ ಬಿಳಿ ಹೊಳಪು ಮಕ್ಕಳ ಕಣ್ಣಿನ ಕ್ಯಾನ್ಸರಿನಲ್ಲೂ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ ಹೇಳಬಲ್ಲವರು ಕಣ್ಣಿನ ಡಾಕ್ಟರೇ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಆಟದ ನೆಪದಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಗಲಾಟೆ ಮಾಡಿದರೆ ಅದೇ ಉತ್ತರ.

ಸೌತೆಬೀಜದಂಥದ್ದು

ಮಗುವಿನ ಚಡ್ಡಿಯಲ್ಲೋ ಮಲದಲ್ಲೋ ಅಕ್ಕಿಕಾಳಿನ ಹಾಗೆ, ಸೌತೆಬೀಜದ ಹಾಗೆ ಬೆಳ್ಳಗೆ ಏನೋ ಕಂಡರೆ, ಕೆಲವೊಮ್ಮೆ ಅದು ಅಲ್ಲಾಡಿದರೆ, ಅದು ನಾಯಿ-ಬೆಕ್ಕಿನ ಲಾಡಿಹುಳದ ತುಣುಕಿರಬಹುದು. ಇದು ಬರುವ ದಾರಿ ಕೇಳಿದರೆ ನಗು ಬರುತ್ತೆ. ಮಗು ಆಕಸ್ಮಿಕವಾಗಿ ನಾಯಿಯ ಮೈಯ ಚಿಗಟವನ್ನು ನುಂಗಿರಬೇಕು! ತೆವಳುವ ಕೂಸುಗಳಿಗೆ ಅದೇನು ಕಷ್ಟವಲ್ಲ. ಆ ತುಣುಕನ್ನು ಒಂದು ಸಣ್ಣ ಶುದ್ಧವಾದ ಬಾಟಲಿಯಲ್ಲಿ ಹಾಕಿಕೊಂಡು ಹೋಗಿ, ನೋಡಿದ ಕೂಡಲೆ ಲ್ಯಾಬಿನವರು ಗುರುತಿಸುತ್ತಾರೆ. ಮಾಮೂಲಿ ಹುಳದ ಮಾತ್ರೆ ಇದಕ್ಕೆ ಸಾಲದು, ಔಷಧಿಯೇ ಬೇರೆ.

ದಾರದ ಎಳೆಯಂತೆ ಇದ್ದು ರಾತ್ರಿ ಹೊತ್ತು ಗುದದ್ವಾರದಲ್ಲಿ ತುರಿಕೆ ತರುತ್ತದಲ್ಲ, ಅದು ನಾಯಿಯಿಂದ ಬರುವುದೇ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಮಾತ್ರ. ಅದಕ್ಕೆ ನಾಯಿಯನ್ನಲ್ಲ, ಮನೆಮಂದಿಗೆಲ್ಲ ಉಗುರು ಕತ್ತರಿಸಿ ಮಾತ್ರೆ ಕೊಡಿಸಬೇಕು.

ಬರಿಗಾಲಲ್ಲಿ ಆಡುವ ಮಕ್ಕಳ ಪಾದದಲ್ಲಿ ಹಾವಿನ ಹಾಗೆ ಅಂಕುಡೊಂಕಾದ ಕೆಂಪು ಗೆರೆ ಎದ್ದು, ದಿನದಿನಕ್ಕೂ ಮುಂದೆ ಸರಿಯುತ್ತಾ, ರಾತ್ರಿಯೆಲ್ಲ ತುರಿಸಿದರೆ ಅದು ನಾಯಿ-ಬೆಕ್ಕಿನ ಕೊಕ್ಕೆಹುಳದ ಮರಿ. ಇದಕ್ಕೆ ಯಾವ ಪರೀಕ್ಷೆಯೂ ಬೇಡ, ಗೆರೆ ನೋಡಿದರೆ ಸಾಕು.

ಡೆಂಗಿ ಅಲ್ಲ ಅಂದಮೇಲೆ?

ಜೋರು ಜ್ವರ, ಮೈಕೈ ನೋವು, ಮೂರು ನಾಲ್ಕನೇ ದಿನಕ್ಕೆ ಮೈಮೇಲೆ ಕೆಂಪು ಚುಕ್ಕೆ, ಪ್ಲೇಟ್‌ಲೆಟ್ ಕಡಿಮೆ. ಮಳೆಗಾಲದಲ್ಲಿ ಎಲ್ಲರೂ ಹೇಳುವುದು ಡೆಂಗಿ ಅಂತಲೇ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದು, ಚುಕ್ಕೆಗಳು ಅಂಗೈ, ಅಂಗಾಲಿನಲ್ಲೂ ಇದ್ದರೆ ನಿಮ್ಮ ನಾಯಿಯ ಕಿವಿ ಮಡಚಿ ನೋಡಿ. ಬೂದು-ಕಂದು ಬಣ್ಣದ ಉಣ್ಣೆ ಕಚ್ಚಿಕೊಂಡಿದೆಯಾ? ನಾಯಿಯ ಉಣ್ಣೆಯಿಂದ ರಿಕೆಟ್ಸಿಯಾ ಅನ್ನುವ ಜ್ವರ ಬರುತ್ತದೆ. ನಮ್ಮ ಕರ್ನಾಟಕದ ಮಕ್ಕಳಲ್ಲೂ ಕಂಡಿದೆ. ‘ವೀಲ್-ಫೆಲಿಕ್ಸ್’ ಅನ್ನುವ ರಕ್ತ ಪರೀಕ್ಷೆ ಹಳೆಯದು, ಅಗ್ಗದ್ದು. ಆದರೆ ಮೊದಲ ವಾರದಲ್ಲಿ ಎಷ್ಟೋ ಸಲ ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ಅನುಮಾನ ಬಲವಾಗಿದ್ದರೆ ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ಸಣ್ಣ ಮಕ್ಕಳಿಗೆ ಅದನ್ನು ಕೊಟ್ಟರೆ ಹಲ್ಲು ಹಳದಿ ಆಗುತ್ತೆ ಅಂತ ಹಿಂದೆ ಹೆದರುತ್ತಿದ್ದರು. ಕೆಲವು ದಿನಗಳ ಮಟ್ಟಿಗೆ ಕೊಡುವುದರಿಂದ ಹಾಗಾಗುವುದಿಲ್ಲ ಅಂತ ಈಗ ಒಪ್ಪಿದ್ದಾರೆ. ಹಾಗಾಗಿ ಡಾಕ್ಟರು ಬರೆದರೆ ಹಿಂದೇಟು ಹಾಕಬೇಡಿ, ತಡವಾದರೆ ಈ ಜ್ವರ ಜೀವಕ್ಕೇ ಸಂಚಕಾರ.

ಉಣ್ಣೆಯನ್ನು ಉಗುರಲ್ಲಿ ಚಿವುಟಿ ಕೊಲ್ಲುವುದು, ಸೀಮೆಎಣ್ಣೆ ಹಾಕುವುದು ಎರಡೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ಎಳೆದು ತೆಗೆಯಿರಿ. ಈ ಕೆಲಸವನ್ನು ಮಕ್ಕಳ ಕೈಲಿ ಮಾಡಿಸಬೇಡಿ.

ಆಮೆ, ಹಕ್ಕಿ ಇತ್ಯಾದಿ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪುಟಾಣಿ ಆಮೆ ಅದೃಷ್ಟ ತರುತ್ತೆ ಅಂತ ತರುವವರಿದ್ದಾರೆ. ಅದೃಷ್ಟದ ವಿಷಯ ನನಗೆ ಗೊತ್ತಿಲ್ಲ, ಸಾಲ್ಮೊನೆಲ್ಲಾ ಅಂತೂ ತರುತ್ತೆ. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ ಅಂತಲೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿದರು. ಐದು ವರ್ಷದೊಳಗಿನ ಮಗು ಇರುವ ಮನೆಗೆ ಆಮೆ ಬೇಡ. ಅದರ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಚೆಲ್ಲುವುದಂತೂ ಬೇಡವೇ ಬೇಡ. ಜ್ವರದ ಜೊತೆ ರಕ್ತಭೇದಿ ಆದರೆ ಮಲದ ಕಲ್ಚರ್ ಪರೀಕ್ಷೆಯಲ್ಲಿ ಎರಡು ಮೂರು ದಿನಕ್ಕೆ ಗೊತ್ತಾಗುತ್ತೆ. ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಸ್ಯಾಂಪಲ್ ಕೊಡಿ. ಟೈಫಾಯಿಡ್ ಇದರ ದಾಯಾದಿಯೇ ಆದರೂ ಅದು ಮನುಷ್ಯರ ಕಾಯಿಲೆ, ಪ್ರಾಣಿಯಿಂದ ಬರುವುದಿಲ್ಲ. ಭೇದಿಯಾಗುತ್ತಿರುವ ನಾಯಿಮರಿಯಿಂದಲೂ ಕೆಲವು ಬ್ಯಾಕ್ಟೀರಿಯಾ ಮಕ್ಕಳಿಗೆ ದಾಟಬಹುದು. ಆದರೆ ಮರಿಗಳನ್ನು ಕೊಲ್ಲುವ ಪಾರ್ವೊ ಮನುಷ್ಯರಿಗೆ ಬರುವುದಿಲ್ಲ, ಹೆದರಬೇಡಿ.

ಲವ್ ಬರ್ಡ್ಸ್, ಕಾಕಟೀಲ್ ಸಾಕುವವರ ಮನೆಯಲ್ಲಿ ಜ್ವರ, ತಲೆನೋವು, ಒಣಕೆಮ್ಮು ಮಾಮೂಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದಿದ್ದರೆ ಹಕ್ಕಿ ಇದೆ ಅಂತ ಹೇಳಿ. ಗಿಳಿಜ್ವರ ಮಕ್ಕಳಲ್ಲಿ ಅಪರೂಪ, ಆದರೆ ಅದಕ್ಕೆ ಔಷಧಿ ಬೇರೆ. ಅಂದಹಾಗೆ ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರುತ್ತೆ ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ? ಅದು ಸೋಂಕಲ್ಲ, ಅಲರ್ಜಿ. ಕಾರಣ ಕೂದಲೂ ಅಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನ್. ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟುತ್ತದೆ ಅಷ್ಟೆ.

ಪರೀಕ್ಷೆಯೇ ಇಲ್ಲದ ಕಾಯಿಲೆ

ಇದುವರೆಗೆ ಪರೀಕ್ಷೆಗಳ ಮಾತಾಡಿದೆ. ರೇಬಿಸ್ ಮಾತ್ರ ಹಾಗಲ್ಲ. ಕಚ್ಚಿಸಿಕೊಂಡ ಮಗುವಿಗೆ ಸೋಂಕು ತಗುಲಿದೆಯಾ ಅಂತ ಲಕ್ಷಣ ಬರುವ ಮೊದಲು ಹೇಳುವ ಪರೀಕ್ಷೆಯೇ ಇಲ್ಲ. ಲಕ್ಷಣ ಬಂದಮೇಲೆ ಜೀವ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದ್ದರಿಂದ ‘ಟೆಸ್ಟ್ ಮಾಡಿಸಿ ನೋಡೋಣ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇಲ್ಲಿ ರೋಗ ಪತ್ತೆ ಅಂದರೆ ಗಾಯದ ಪತ್ತೆ. ಬರಿ ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದು ಆದರೆ ಚಿಕಿತ್ಸೆ ಬೇಡ. ರಕ್ತ ಬಾರದ ತರಚು ಗಾಯವಾದರೆ ಲಸಿಕೆ ಬೇಕು. ರಕ್ತ ಬಂದ ಗಾಯ, ಇದ್ದ ಗಾಯದ ಮೇಲೆ ಅಥವಾ ಬಾಯಿ, ಕಣ್ಣಿನ ಹತ್ತಿರ ನೆಕ್ಕಿದ್ದು ಆದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಎಲ್ಲಕ್ಕಿಂತ ಮೊದಲು, ಆಟೋ ಹುಡುಕುವುದಕ್ಕೂ ಮೊದಲು, ನಲ್ಲಿ ಬಿಟ್ಟು ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹದಿನೈದು ನಿಮಿಷ ನಾವಂದುಕೊಂಡದ್ದಕ್ಕಿಂತ ಬಹಳ ಉದ್ದ. ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದೂ ಬೇಡ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರಲ್ಲೇ ನಿಲ್ಲಿಸಿದ್ದಾರೆ. ಈಗ ತೋಳಿಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಾಯಿಯನ್ನು ಹತ್ತು ದಿನ ಗಮನಿಸಿ ಅನ್ನುತ್ತಾರಲ್ಲ, ಅದು ಲಸಿಕೆ ಶುರು ಮಾಡಿಕೊಂಡು ಗಮನಿಸಬೇಕಾದದ್ದು, ಗಮನಿಸಿ ಆಮೇಲೆ ಶುರು ಮಾಡಬೇಕಾದದ್ದಲ್ಲ.

‘ಮರಿ ಅಲ್ವಾ, ಹಲ್ಲು ತಾಗಿದ್ದಷ್ಟೇ’ ಅಂತ ಸುಮ್ಮನಾಗುವವರೇ ಹೆಚ್ಚು. ಬೀದಿಯಿಂದ ಎತ್ತಿಕೊಂಡು ಬಂದ ಮರಿಗೂ ರೇಬಿಸ್ ಇರಬಹುದು, ಅದಕ್ಕಿನ್ನೂ ಲಸಿಕೆ ಆಗಿರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು: ಮಕ್ಕಳು ಕಚ್ಚಿಸಿಕೊಂಡದ್ದನ್ನು ಮುಚ್ಚಿಡುತ್ತಾರೆ. ಅಮ್ಮ ಬೈತಾಳೆ, ಅಪ್ಪ ನಾಯಿ ಓಡಿಸ್ತಾರೆ, ಇಂಜೆಕ್ಷನ್ ಕೊಡಿಸ್ತಾರೆ ಅನ್ನುವ ಮೂರು ಭಯ ಅವಕ್ಕೆ. ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಅಷ್ಟರಲ್ಲಿ ಮಗು ತಾನೇ ಮರೆತಿರುತ್ತದೆ. ಆದ್ದರಿಂದ ‘ನಾಯಿ ಕಚ್ಚಿದರೆ ಬಂದು ಹೇಳು, ಬೈಯೋದಿಲ್ಲ’ ಅಂತ ಈಗಲೇ ಹೇಳಿಡಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ಸ್ನಾನ ಮಾಡಿಸುವಾಗ ಕೈಕಾಲು ಒಮ್ಮೆ ನೋಡಿ.

ಬಸುರಿ ಇರುವ ಮನೆಯಲ್ಲಿ

ಎರಡನೇ ಮಗುವಿಗೆ ಬಸುರಿಯಾದ ಕೂಡಲೆ ಅತ್ತೆ ಹೇಳುವುದು, ‘ಮೊದಲು ಆ ಬೆಕ್ಕನ್ನು ಆಚೆ ಹಾಕು’. ಕಾರಣ ಟಾಕ್ಸೊಪ್ಲಾಸ್ಮಾ. ಭಯ ಸುಳ್ಳಲ್ಲ, ಗರ್ಭಿಣಿಗೆ ಹೊಸದಾಗಿ ಸೋಂಕು ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಮೆದುಳಿಗೆ ತೊಂದರೆ ಆಗಬಹುದು. ಆದರೆ ಬೆಕ್ಕು ಅದನ್ನು ಹೊರಹಾಕುವುದು ಜೀವಮಾನದಲ್ಲಿ ಸಾಮಾನ್ಯವಾಗಿ ಒಂದು ಸಲ, ಕೆಲವೇ ವಾರ. ಹೊರಬಂದ ಮೇಲೂ ಸೋಂಕು ತರುವಂತಾಗಲು ಕನಿಷ್ಠ ಒಂದು ದಿನ ಬೇಕು. ಮಲದ ತಟ್ಟೆಯನ್ನು ದಿನವೂ, ಬಸುರಿಯಲ್ಲದೆ ಮನೆಯ ಬೇರೆಯವರು ತೆಗೆದರೆ ಆಯಿತು. ಯಜಮಾನರಿಗೆ ಒಂಬತ್ತು ತಿಂಗಳು ಈ ಕೆಲಸ ಕೊಡಿ! ಅರೆಬೆಂದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಇದೇ ಸೋಂಕು ಬರುತ್ತದೆ ಅನ್ನುವುದು ಅತ್ತೆಗೂ ತಿಳಿದಿರಲಿ.

‘ಟಾರ್ಚ್’ ಟೆಸ್ಟಿನಲ್ಲಿ ಇದರ ಎರಡು ಸಾಲು ಇರುತ್ತವೆ. ಐಜಿಜಿ ಮಾತ್ರ ಪಾಸಿಟಿವ್ ಅಂದರೆ ಸಾಮಾನ್ಯವಾಗಿ ಹಿಂದೆಂದೋ ಬಂದು ಹೋದದ್ದು, ಒಂದು ರೀತಿಯಲ್ಲಿ ರಕ್ಷಣೆಯೇ. ಐಜಿಎಂ ಪಾಸಿಟಿವ್ ಬಂದರೂ ಕುಸಿಯಬೇಡಿ. ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ದಾಟಿಯೂ ಉಳಿಯುತ್ತದೆ. ಸೋಂಕು ಹೊಸದೋ ಹಳೆಯದೋ ಅಂತ ಹೇಳುವ ಅವಿಡಿಟಿ ಪರೀಕ್ಷೆ ಬೇರೆ ಇದೆ. ಒಂದೇ ರಿಪೋರ್ಟ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಇನ್ನು ಪ್ರಾಣಿಗಳ ಕಡೆಯ ಲೆಕ್ಕ. ನಾಯಿಮರಿಗೆ ಎರಡು ವಾರವಾದಾಗಿನಿಂದ ಎರಡು ವಾರಕ್ಕೊಮ್ಮೆ, ಎಂಟು ವಾರದವರೆಗೆ ಹುಳದ ಔಷಧಿ, ತಾಯಿನಾಯಿಗೂ ಜೊತೆಯಲ್ಲೇ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ. ಮಾಂಸದಂಗಡಿಯಿಂದ ತಂದ ಹಸಿ ಕರುಳು, ಪಿತ್ತಜನಕಾಂಗ ಹಾಕಬೇಡಿ. ಅದರಿಂದ ನಾಯಿಗೆ ಸೇರುವ ಒಂದು ಲಾಡಿಹುಳದ ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋದರೆ ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಬೆಳೆಯುವ ನೀರುಗುಳ್ಳೆ ಆಗುತ್ತದೆ. ಬೇಯಿಸಿ ಹಾಕಿದರೆ ಆ ಭಯವಿಲ್ಲ. ಮಗುವಿಗೆ ಹುಳುಕಡ್ಡಿ ಆದಾಗ ಬೆಕ್ಕನ್ನೂ ಅದೇ ವಾರ ಪಶುವೈದ್ಯರಿಗೆ ತೋರಿಸಿ, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಮಕ್ಕಳ ಔಷಧಿಯನ್ನು ಅರ್ಧ ಮಾಡಿ ಅವಕ್ಕೆ ಕುಡಿಸುವುದು ಬೇಡ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.